ಕೂಡ್ಲಿಗಿ ಅಂಗಳದ ಎಕ್ಸೋರಾ

ಗಿಡ ಒಯ್ದವರು ನರ್ಸರಿಗೆ ಫೋನ್ ಮಾಡಿದರೆ ಅದು ನಮ್ಮ ಕ್ಷೇಮ ವಿಚಾರಿಸಲಿಕ್ಕಲ್ಲ. ಗುಲಾಬಿ ಒಣಗಿರುತ್ತದೆ, ಇಲ್ಲವೇ ನಿಂಬೆ ಕಾಯಿ ಹಿಡಿದಿರುವುದಿಲ್ಲ, ಇಲ್ಲವೇ ಪಕ್ಕದ ಮನೆಯವರ ಗಿಡ ತಮ್ಮದಕ್ಕಿಂತ ಎತ್ತರ ಹೋಗಿರುತ್ತದೆ. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯ ಮಗ್ಗುಲಿಗೆ ನಮ್ಮ ನರ್ಸರಿ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯವರೂ ಬರುತ್ತಾರೆ. ಉಜ್ಜಿನಿ ಮಠಕ್ಕೆ ನಡೆದುಕೊಳ್ಳುವ ಭಕ್ತರು ವಾಪಸ್ ಹೋಗುವಾಗ ಗಾಡಿ ನಿಲ್ಲಿಸಿ ಒಂದು ಗಿಡ ಹಾಕಿಕೊಳ್ಳುತ್ತಾರೆ. ಎಲ್ಲರದೂ ಒಂದೇ ಬೇಡಿಕೆ: ವರ್ಷವಿಡೀ ಹೂ ಬಿಡಬೇಕು, ಎಲೆ ಉದುರಬಾರದು, ನೀರು ಜಾಸ್ತಿ ಕೇಳಬಾರದು. ಅಂಥ ಗಿಡ ಬೇಕಿದ್ದರೆ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗೆ ಹೋಗಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿರುತ್ತದೆ. ಅದನ್ನು ಅಲ್ಲಿಯೇ ತಡೆಯಲೆಂದು ನನ್ನ ಯಜಮಾನರು ಗಲ್ಲಾದ ಹತ್ತಿರ ಕೂರುತ್ತಾರೆ.

ಸಂಕ್ರಾಂತಿ ಕಳೆದು ಬಿಸಿಲು ಆಗಷ್ಟೇ ಚುರುಕಾಗುತ್ತಿದ್ದಾಗ ಕೂಡ್ಲಿಗಿಯಿಂದ ಒಂದು ಫೋನ್ ಬಂತು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಣ್ಣುಮಗಳು. ಹಿಂದಿನ ಮುಂಗಾರಿನಲ್ಲಿ ಹೊಸ ಮನೆ ಕಟ್ಟಿಸಿ, ನಮ್ಮಲ್ಲಿಂದ ಒಂದು ದೊಡ್ಡ ಕೆಂಪು ಎಕ್ಸೋರಾ ಗಿಡ ಒಯ್ದಿದ್ದರು. ಕರಾವಳಿಯ ಕಡೆ ಕೇಪಳ ಎನ್ನುತ್ತಾರಲ್ಲ, ಅದರದೇ ಕುಲ. ದಪ್ಪ ಹಸಿರು ಎಲೆ, ಗೊಂಚಲಿಗೆ ಗೊಂಚಲೇ ಕೆಂಪು ಹೂವು. ನಮ್ಮ ಸೀಮೆಯಲ್ಲಿ ಎಲ್ಲರೂ ಎಕ್ಸೋರಾ ಎಂದೇ ಕೇಳುತ್ತಾರೆ.

"ಅಕ್ಕಾರ, ನಾನ್ರಿ, ಕೂಡ್ಲಿಗಿ ಸಿಸ್ಟರು. ಗಿಡ ಹಳದಿ ಆಗೈತ್ರಿ. ನಮ್ಮವ್ವ ಊಟಾನೇ ಸರಿಯಾಗಿ ಮಾಡವಲ್ಲಳು. ಒಂದ್ಸಲ ಬಂದು ನೋಡ್ತೀರೇನ್ರಿ?"

ಮಾರಿದ ಗಿಡದ ಹಿಂದೆ ಊರೂರು ತಿರುಗುವುದು ನನ್ನ ಪದ್ಧತಿಯಲ್ಲ. ಆದರೆ ಗಿಡ ಹಳದಿಯಾದದ್ದಕ್ಕೆ ಊಟ ಬಿಡುವವರನ್ನು ಒಮ್ಮೆ ನೋಡಬೇಕು ಅನಿಸಿತು. ಮರುದಿನ ಸ್ಕೂಟಿ ಹತ್ತಿದೆ.

ಮನೆ ಸಣ್ಣದು, ಚೊಕ್ಕ. ಗೇಟಿನಿಂದ ಬಾಗಿಲವರೆಗೆ ಒಂದು ತುಂಡು ಅಂಗಳ, ಅದರ ನಡುವೆ ಇಟ್ಟಿಗೆಯ ಕಟ್ಟೆಯೊಳಗೆ ಈ ಗಿಡ. ಗಿಡದ ಪಕ್ಕ ಮಣೆ ಹಾಕಿಕೊಂಡು ಸಿಸ್ಟರ ತಾಯಿ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತವರು ಕೂರಲೇ ಇಲ್ಲ.

"ಬರ್ರಿ ಅಮ್ಮಾರ. ಈಕಿಗೆ ಏನಾಗೈತಿ ನೋಡ್ರಿ. ಮಾತಾಡಿಸಿದ್ರೂ ಮಾರಿ ಎತ್ತವಲ್ಲಳು."

ಈಕಿ ಎಂದರೆ ಗಿಡ. ಆ ತಾಯಿ ತಮ್ಮ ಗಿಡವನ್ನು ಎಂದೂ ಗಿಡ ಎನ್ನುತ್ತಿರಲಿಲ್ಲ. ಆಮೇಲೆ ನನಗೂ ಅದು ರೂಢಿಯಾಗಿ, ಕೊನೆಗೆ ನಾನೂ ಹಾಗೇ ಅನ್ನತೊಡಗಿದೆ.

ಕೂತು ನೋಡಿದೆ. ಹಳೆಯ ಎಲೆಗಳು ಪರವಾಗಿಲ್ಲ, ಚಿಗುರೆಲೆಗಳು ಮಾತ್ರ ಬೆಳ್ಳಗಾಗುವಷ್ಟು ಹಳದಿ. ನರಗಳು ಹಸಿರು, ನಡುವಿನ ಭಾಗ ಬಣ್ಣಗೇಡಿ. ಇದು ಕಬ್ಬಿಣದ ಕೊರತೆಯ ಗುರುತು. ಎಕ್ಸೋರಾಕ್ಕೆ ಹುಳಿ ಮಣ್ಣು ಬೇಕು. ನಮ್ಮ ಕಡೆಯ ಬೋರಿನ ನೀರು ಗಡಸು, ಅದರಿಂದ ಮಣ್ಣು ಸುಣ್ಣದ ಕಡೆಗೆ ವಾಲುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಟಕುವುದಿಲ್ಲ. ನಾನು ಇದನ್ನೆಲ್ಲ ಹೇಳಿದೆ. ತಾಯಿ ತಲೆಯಾಡಿಸಿ, "ರಕ್ತ ಕಮ್ಮಿ ಆಗೈತಿ ಅನ್ರಿ" ಎಂದರು. ಮಗಳು ನರ್ಸ್ ಆದ ಮೇಲೆ ಅಷ್ಟು ತಿಳಿಯದಿರುತ್ತದೆಯೇ?

"ನೀರು ದಿನಾ ಹಾಕ್ತೀರಾ ದೊಡ್ಡವ್ವ?" ಎಂದೆ.

"ಹಾಕ್ತೀನ್ರಿ. ಮುಂಜಾನೊಂದ್ಸಲ, ಸಂಜಿಕ್ಕೊಂದ್ಸಲ. ನಾನು ನೀರು ಕುಡಿಯಾದು ಮರೆತೇನು, ಈಕಿಗೆ ಹಾಕಾದು ಮರಿಯಂಗಿಲ್ಲ."

ಎಷ್ಟು ನೀರು ಎಂದು ಕೇಳಿದೆ, ಯಾವಾಗ ಎಂದು ಕೇಳಿದೆ. ಯಾವ ನೀರು ಎಂದು ಕೇಳಲಿಲ್ಲ. ಅಂಗಳದಲ್ಲಿ ಬೋರಿನ ನಲ್ಲಿ ಕಣ್ಣೆದುರೇ ಇತ್ತಲ್ಲ, ಕೇಳುವುದೇನಿದೆ ಅಂದುಕೊಂಡೆ. ಅಷ್ಟರಲ್ಲಿ ಅವರು ಮಗಳ ಮುಖ ನೋಡಿ ಕಣ್ಣಲ್ಲೇ ಏನೋ ಕೇಳಿದರು, ಮಗಳು ನನ್ನ ಮುಖ ನೋಡಿದರು. ನನಗೆ ಅರ್ಥವಾಯಿತು: ತಮ್ಮ ಮನೆಯ ಚಹಾ ನಾನು ಕುಡಿಯುತ್ತೇನೋ ಇಲ್ಲವೋ ಎಂಬ ಅಳುಕು. ಇಂಥ ಕಡೆ ಸುತ್ತಿಬಳಸಿ ಮಾತಾಡಲು ನನಗೆ ಬರುವುದಿಲ್ಲ. "ಸಿಸ್ಟರ್, ಚಾ ಇಡ್ತೀರೋ ಇಲ್ಲ, ನಾನೇ ಒಳಗ ಬಂದು ಇಡ್ಲೋ?" ಎಂದೆ. ದೊಡ್ಡವ್ವ ನಕ್ಕುಬಿಟ್ಟರು. ಚಹಾ ಬಂತು, ಸಕ್ಕರೆ ವಿಪರೀತ. ಪೂರ್ತಿ ಕುಡಿದೆ.

ಮಾಡಿದ ಉಪಚಾರ ಇಷ್ಟು: ಅನ್ನಭೇದಿ ಎನ್ನುವ ಕಬ್ಬಿಣದ ಲವಣವನ್ನು ನೀರಿನಲ್ಲಿ ತೆಳುವಾಗಿ ಕರಗಿಸಿ, ನಿಂಬೆರಸ ಹಿಂಡಿ, ಬಟ್ಟೆಯಲ್ಲಿ ಸೋಸಿ, ಬಿಸಿಲು ಇಳಿದ ಮೇಲೆ ಎಲೆಗೆ ಸಿಂಪಡಿಸುವುದು. ಬುಡಕ್ಕೂ ಸ್ವಲ್ಪ ಹಾಕುವುದು. ಅನ್ನಭೇದಿ ಹೆಚ್ಚಾದರೆ ಎಲೆ ಸುಟ್ಟು ಕಪ್ಪು ಚುಕ್ಕೆ ಬೀಳುತ್ತದೆ, ಕಟ್ಟೆಯ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ. ಸಿಸ್ಟರಿಗೆ ಅಳತೆಯನ್ನು ಔಷಧಿಯಂತೆ ಬರೆಸಿದೆ. ಅವರು ಅದನ್ನು ಔಷಧಿಯಂತೆಯೇ ಕೊಟ್ಟರು, ಒಂದು ಹೊತ್ತೂ ತಪ್ಪಿಸಲಿಲ್ಲ.

ಗಿಡ ಹಸಿರಾಯಿತು. ಒಮ್ಮೆಗೇ ಅಲ್ಲ, ಮೊದಲು ಹಸಿರು ಮಚ್ಚೆಗಳು, ಆಮೇಲೆ ಅವು ಹರಡಿ ಕೂಡಿಕೊಂಡವು. ದೊಡ್ಡವ್ವ ಫೋನ್ ಮಾಡಿಸಿ, "ಈಕಿ ಎದ್ದು ಕುಂತಾಳ್ರಿ" ಎಂದು ಹೇಳಿದಾಗ ನನಗೆ ಒಂದು ದಿನವೆಲ್ಲ ಗರ್ವ. ಯಜಮಾನರ ಮುಂದೆ ಮೂರು ಸಲ ಹೇಳಿದೆ. "ಹೂಂ, ಡಾಕ್ಟರು" ಎಂದು ಅವರು ಮತ್ತೆ ಪೇಪರ್ ಓದತೊಡಗಿದರು.

ಆ ಫೋನಿನಲ್ಲಿಯೇ ಇನ್ನೊಂದು ಸಂಗತಿ ತಿಳಿಯಿತು. ಅವರ ಮನೆಯಲ್ಲಿ ಬುದ್ಧ ಪೂರ್ಣಿಮೆ ಮಾಡುತ್ತಾರೆ. ಹೊಸ ಮನೆಯಲ್ಲಿ ಇದೇ ಮೊದಲನೆಯದು. ಬಳಗದವರೆಲ್ಲ ಬರುವವರಿದ್ದಾರೆ. ಪಡಸಾಲೆಯ ಗೂಡಿನಲ್ಲಿ ಇಟ್ಟಿರುವ ಬುದ್ಧನ ಮೂರ್ತಿಗೆ ತಮ್ಮ ಗಿಡದ ಹೂವನ್ನೇ ಇಡುತ್ತೇನೆ ಎಂದು ದೊಡ್ಡವ್ವ ಕಂಡಕಂಡವರಿಗೆಲ್ಲ ಹೇಳಿಬಿಟ್ಟಿದ್ದರು.

ಅದು ಬರೀ ಹೂವಿನ ಆಸೆ ಅಲ್ಲ ಎನ್ನುವುದು ನನಗೆ ಎರಡನೆಯ ಸಲ ಹೋದಾಗ ಗೊತ್ತಾಯಿತು. ಹೋಗುವ ಪ್ರಸಂಗ ಬೇಗನೆ ಬಂತು, ಏಕೆಂದರೆ ಗಿಡ ಮತ್ತೆ ಹಳದಿಗೆ ತಿರುಗಿತ್ತು. ಈ ಸಲ ಎಲೆಯ ತುದಿಗಳೂ ಕಂದಿ ಸುಟ್ಟಂತಾಗಿದ್ದವು. ನಾನು ಎಲೆ ತಿರುವಿ ತಿರುವಿ ನೋಡುತ್ತಿದ್ದರೆ ದೊಡ್ಡವ್ವ ತಮ್ಮ ಹಿಂದಿನ ಕೆಲಸದ ಮಾತು ತೆಗೆದರು. ಹರೆಯದಿಂದ ಮೊದಲುಗೊಂಡು ಮಗಳಿಗೆ ನೌಕರಿ ಸಿಗುವವರೆಗೂ ಅವರು ಒಂದು ದೊಡ್ಡ ಬಂಗಲೆಯ ತೋಟದಲ್ಲಿ ಕೂಲಿ ಮಾಡಿದವರು. ಯಾವ ಬಂಗಲೆ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಅದರ ಹಾದಿಯ ಎರಡೂ ಬದಿಗೆ ಎಕ್ಸೋರಾ ಬೇಲಿ ಇತ್ತಂತೆ.

"ಮಣ್ಣು ಸಡ್ಲ ಮಾಡಾದು, ಕಸ ತೆಗಿಯಾದು, ನೀರು ಹೊರಾದು, ದೊಡ್ಡ ಕತ್ರಿ ತಗಂಡು ಬೇಲಿ ಸಮ ಕತ್ತರ್ಸಾದು, ಎಲ್ಲಾ ನಾವೇ. ಹೂವು ಕೀಳಾದು ಮಾತ್ರ ನಮ್ ಕೆಲ್ಸ ಅಲ್ಲ. ಅದಕ್ಕ ಒಳಗಿನೋರು ಬರ್ತಿದ್ರು. ಸಂಜಿಕ ಮನಿಗಿ ಹೋಗಾ ಮುಂದ ಗೇಟಿನ್ಯಾಗ ವಾಚ್‌ಮನ್ನು ನಿಲ್ಲಿಸ್ತಿದ್ದ. ಸೆರಗು ಝಾಡಿಸಿ ಹೂವಿಲ್ಲ ಅಂತ ತೋರ್ಸಬೇಕು."

ಹೇಳುವಾಗ ಅವರು ನಗುತ್ತಲೇ ಇದ್ದರು. "ಒಂದಿನ ನಮ್ಮಾಕಿಯೊಬ್ಬಾಕಿ ಸೆರಗಿನ್ಯಾಗ ಓತಿಕ್ಯಾತ ಕಟ್ಟಿಕೊಂಡು ಬಂದಿದ್ಲು. ಝಾಡಿಸಿದ್ಲು ನೋಡ್ರಿ, ವಾಚ್‌ಮನ್ನು ಕುರ್ಚಿ ಮ್ಯಾಲೆ ಹತ್ತಿ ನಿಂತ!" ನಾನೂ ನಕ್ಕೆ. ಆದರೆ ನನಗೆ ಸಿಟ್ಟು ಬಂದಿತ್ತು, ಸಿಟ್ಟು ಬಂದಾಗ ನನಗೆ ಬುದ್ಧಿ ಸರಿಯಾಗಿ ಕೆಲಸ ಮಾಡುವುದಿಲ್ಲ.

ಅದಕ್ಕೇ ಇರಬೇಕು, ಅವತ್ತು ತಪ್ಪು ಆರೋಪಿಯನ್ನು ಹಿಡಿದೆ. ಗಿಡದ ಬುಡದಲ್ಲಿ ಮಣ್ಣಿನ ಮೇಲೆ ತೆಳ್ಳಗೆ ಬಿಳಿ ಪುಡಿ ಕಂಡಿತು. ಕಟ್ಟೆಯ ಸುತ್ತ ದೊಡ್ಡವ್ವ ಬೆಳಿಗ್ಗೆ ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದರು, ಗುಡಿಸಿದಾಗ ಅದು ಒಳಗೆ ಬಿದ್ದಿದೆ ಎಂದುಕೊಂಡೆ. ರಂಗೋಲಿ ಪುಡಿ ಎಂದರೆ ಸುಣ್ಣದ ಜಾತಿಯ ಕಲ್ಲಿನ ಹಿಟ್ಟು, ಹುಳಿ ಮಣ್ಣು ಬೇಡುವ ಗಿಡಕ್ಕೆ ಆಗದು. "ದೊಡ್ಡವ್ವ, ಈಕಿ ಸುತ್ತ ರಂಗೋಲಿ ಬ್ಯಾಡ" ಎಂದು ಅಪ್ಪಣೆ ಕೊಟ್ಟೆ. ಮೇಲುಮಣ್ಣು ಕೆರೆದು ತೆಗೆದು ಹೊಸ ಕೆಮ್ಮಣ್ಣು ಹಾಕಿದೆ. ಅವರು ಎರಡು ಮಾತಾಡದೆ ಒಪ್ಪಿಕೊಂಡು, ರಂಗೋಲಿಯನ್ನು ಗೇಟಿನ ಹೊರಗೆ ಸಾಗಿಸಿದರು.

ಶಿವರಾತ್ರಿ ಕಳೆಯಿತು, ಯುಗಾದಿ ಕಳೆಯಿತು. ನಡುವೆ ಒಂದು ಸಲ ಸಿಸ್ಟರ್ ಫೋನಿನಲ್ಲಿ ಫೋಟೋ ಕಳಿಸಿದರು. ನೋಡಿ ನನಗೆ ಖುಷಿಯೂ ದಿಗಿಲೂ ಒಟ್ಟಿಗೇ ಆದವು. ಎಲೆಗಳು ಅರ್ಧ ಉದುರಿದ್ದವು, ಉಳಿದವುಗಳ ಅಂಚು ಕಂದು. ಆದರೂ ಪ್ರತಿ ಕೊಂಬೆಯ ತುದಿಯಲ್ಲಿ ಮೊಗ್ಗಿನ ಗೊಂಚಲು. ಸಂಕಟಕ್ಕೆ ಸಿಕ್ಕ ಗಿಡ ಕೆಲವು ಸಲ ಹೀಗೆ ಇದ್ದಬದ್ದ ಶಕ್ತಿಯನ್ನೆಲ್ಲ ಹೂವಿಗೆ ಹಾಕಿಬಿಡುತ್ತದೆ. ದೊಡ್ಡವ್ವನಿಗೆ ಅದೆಲ್ಲಿ ಗೊತ್ತಾಗಬೇಕು? ಹಿಂದಿನಿಂದ ಅವರ ದನಿ ವಾಯ್ಸ್ ಮೆಸೇಜಿನಲ್ಲಿ ಕೇಳಿಸಿತು: "ಮೊಗ್ಗಿ ಬಿಟ್ಟಾಳ್ರಿ ಅಮ್ಮಾರ! ಹುಣ್ಣಿಮಿಗೆ ಬರೋಬ್ಬರಿ ಆಗ್ತಾವ!"

ಆವತ್ತೇ ಹೊರಟೆ. ಬಿಸಿಲಿಗೆ ರಸ್ತೆ ಕಣ್ಣು ಕುಕ್ಕುತ್ತಿತ್ತು. ಹೋದವಳೇ ಬುಡಕ್ಕೆ ಕೂತೆ. ರಂಗೋಲಿ ನಿಲ್ಲಿಸಿ ಎಷ್ಟೋ ದಿನವಾಗಿದೆ, ನಾನೇ ಹಾಕಿದ ಕೆಮ್ಮಣ್ಣಿನ ಮೇಲೆ ಮತ್ತೆ ಬಿಳಿ ಪದರ ಕೂತಿದೆ. ಬೆರಳಿಗೆ ಹತ್ತಿಸಿ ನಾಲಿಗೆಗೆ ಇಟ್ಟೆ. ಉಪ್ಪು. ಸೌಳು ಹೊಲದಲ್ಲಿ ಬೇಸಿಗೆಗೆ ಮೇಲೆ ಏಳುತ್ತದಲ್ಲ, ಅದೇ ಉಪ್ಪು.

"ದೊಡ್ಡವ್ವ, ಈಕಿಗೆ ನೀರು ಎಲ್ಲಿಂದ ತಂದು ಹಾಕ್ತೀರಿ?"

"ಒಳಗಿಂದ್ರಿ."

"ಒಳಗ ಎಲ್ಲಿಂದ?"

ಕರೆದುಕೊಂಡು ಹೋಗಿ ತೋರಿಸಿದರು. ಅಡುಗೆಮನೆಯ ಗೋಡೆಗೆ ಕುಡಿಯುವ ನೀರಿನ ಫಿಲ್ಟರ್ ಮಷಿನ್. ಅದರಿಂದ ಒಂದು ಬಿಳಿ ಸಣ್ಣ ಪೈಪು ಕೆಳಗಿಳಿದು ಬಕೆಟ್ಟಿನಲ್ಲಿ ಬಿದ್ದಿತ್ತು. ಬೋರಿನ ನೀರನ್ನು ಆ ಮಷಿನ್ ಎರಡು ಪಾಲು ಮಾಡುತ್ತದೆ. ಸಿಹಿ ಪಾಲು ಕುಡಿಯಲಿಕ್ಕೆ. ಅದರಲ್ಲಿದ್ದ ಉಪ್ಪು, ಸುಣ್ಣವನ್ನೆಲ್ಲ ಹೊತ್ತುಕೊಂಡ ಗಡಸು ಪಾಲು ಆ ಪೈಪಿನಲ್ಲಿ ಹೊರಗೆ. ಬೋರಿನ ನೀರಿಗಿಂತ ಇದು ಎಷ್ಟೋ ಪಟ್ಟು ಕೆಟ್ಟದ್ದು. ಮಷಿನ್ ಹಾಕಿದವನು ಆ ಪೈಪನ್ನು ಮೋರಿಗೆ ಬಿಟ್ಟು ಹೋಗಿದ್ದನಂತೆ. ದೊಡ್ಡವ್ವ ಅದನ್ನು ಮೋರಿಯಿಂದ ತೆಗೆದು ಬಕೆಟ್ಟಿಗೆ ಹಾಕಿದ್ದರು.

"ಅಷ್ಟು ತಿಳೀನೀರು ಮೋರಿಗೆ ಹೋಗಾದು ನೋಡಾಕಾಗಲಿಲ್ರಿ. ಹೊಟ್ಟಿ ಉರೀತು. ಒಂದ್ ಹನಿ ಚೆಲ್ಲಿಲ್ಲ ನಾನು, ಅಷ್ಟೂ ಈಕಿಗೇ ಹಾಕೀನಿ."

ಈ ಸೀಮೆಯಲ್ಲಿ ಹುಟ್ಟಿದ ಯಾರಾದರೂ ಹೀಗೇ ಮಾಡುತ್ತಿದ್ದರು. ನಮ್ಮ ಅಮ್ಮ ಅಕ್ಕಿ ತೊಳೆದ ನೀರಿನಲ್ಲಿ ಬೇಳೆ ತೊಳೆದು, ಬೇಳೆ ತೊಳೆದದ್ದನ್ನು ಎಮ್ಮೆಗೆ ಇಟ್ಟು, ಎಮ್ಮೆ ಬಿಟ್ಟದ್ದನ್ನು ಕರಿಬೇವಿಗೆ ಹಾಕುತ್ತಿದ್ದಳು. ನೀರು ಚೆಲ್ಲಿದರೆ ಬೆನ್ನಿಗೆ ಬೀಳುತ್ತಿತ್ತು. ಹೊಳೆದಂಡೆಯವರಾಗಿದ್ದರೆ ಆ ಪೈಪು ಮೋರಿಯಲ್ಲೇ ಇರುತ್ತಿತ್ತು, ಗಿಡ ಚೆನ್ನಾಗಿರುತ್ತಿತ್ತು. ಇವರ ಮನೆಯಲ್ಲಿ ಗಿಡ ಸಾಯುತ್ತಿದ್ದುದು ದೊಡ್ಡವ್ವನ ಒಳ್ಳೆಯತನದಿಂದ. ಅದನ್ನು ಅವರಿಗೆ ಹೇಳಬೇಕಾದವಳು ನಾನು.

ಹೇಳಿದೆ. ಮೆತ್ತಗೆ ಹೇಳಲು ನೋಡಿದೆ, ನನಗೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಅವರು ಬಕೆಟ್ ನೋಡಿದರು, ಬಾಗಿಲಾಚೆ ಗಿಡ ನೋಡಿದರು.

"ಹಂಗಾದ್ರ ಇಷ್ಟು ದಿನ ನಾನು ಈಕಿಗೆ ಉಪ್ಪು ಉಣಿಸೀನೇನ್ರಿ?"

"ನೀವಲ್ಲ ದೊಡ್ಡವ್ವ, ಮಷಿನ್ನು. ನಾನೂ ಕೇಳಲಿಲ್ಲ. ಕೇಳಬೇಕಿತ್ತು."

"ದಿನಕ್ಕ ಎರಡು ಸಲ" ಎಂದರು ಅವರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತರು. ಸಿಸ್ಟರ್ ಡ್ಯೂಟಿಗೆ ಹೋಗಿದ್ದರು, ಮನೆಯಲ್ಲಿ ನಾವಿಬ್ಬರೇ.

ಇನ್ನು ಮುಂದಿನ ವಿಚಾರ. ಮಣ್ಣಿನ ಉಪ್ಪನ್ನು ಸಿಹಿನೀರು ಹಾಯಿಸಿ ತೊಳೆಯಬಹುದು, ಆದರೆ ಅದಕ್ಕೆ ನೀರು ಬಹಳ ಬೇಕು. ಪಟ್ಟಣ ಪಂಚಾಯಿತಿಯ ನಲ್ಲಿಯಲ್ಲಿ ಹೊಳೆನೀರು ಬರುವುದು ವಾರಕ್ಕೊಮ್ಮೆ, ಅದೂ ಅಡುಗೆಗೆ ಸಾಲುವಷ್ಟೇ. ಮಳೆಗಾಲ ಇನ್ನೂ ದೂರ. ಅಲ್ಲಿಯವರೆಗೆ ಈ ಗಿಡ ತಡೆಯುವುದಿಲ್ಲ. ಉಳಿದದ್ದು ಒಂದೇ ದಾರಿ: ಗಿಡವನ್ನು ಬೇರುಸಹಿತ ಎತ್ತಿ, ಉಪ್ಪು ಹಿಡಿದ ಮಣ್ಣನ್ನೆಲ್ಲ ಬಿಡಿಸಿ, ಬೇರು ತೊಳೆದು, ಹೊಸ ಮಣ್ಣಿನಲ್ಲಿ ಕೂರಿಸುವುದು. ಸುಡು ಬೇಸಿಗೆಯಲ್ಲಿ ಗಿಡ ಕೀಳಬೇಡಿ ಎಂದು ನರ್ಸರಿಗೆ ಬಂದವರಿಗೆಲ್ಲ ನಾನೇ ಬೈಯುವವಳು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಬೇರಿಗೆ ಪೆಟ್ಟು ಬಿದ್ದ ಗಿಡ ಅಷ್ಟು ಎಲೆ, ಅಷ್ಟು ಮೊಗ್ಗನ್ನು ಸಾಕಲಾರದು. ಮೇಲಿನ ಅರ್ಧ ಕತ್ತರಿಸಬೇಕು. ಮೊಗ್ಗುಗಳಿದ್ದದ್ದೆಲ್ಲ ಮೇಲಿನ ಅರ್ಧದಲ್ಲೇ.

ಹಾಗೇ ಬಿಟ್ಟರೆ? ಅರಳುವವರೆಗೆ ತಡೆದರೂ ತಡೆಯಬಹುದಿತ್ತು. ಹುಣ್ಣಿಮೆಗೆ ಹೂ ಸಿಗುತ್ತಿತ್ತು, ಬಳಗದ ಮುಂದೆ ದೊಡ್ಡವ್ವನ ಮಾತು ಉಳಿಯುತ್ತಿತ್ತು. ಅದಾದ ಮೇಲೆ ಗಿಡ ಹೋಗುತ್ತಿತ್ತು. ನರ್ಸರಿಯಲ್ಲಿ ಅಂಥದೇ ಗಿಡ ಸಾಲಾಗಿ ನಿಂತಿವೆ, ಬೇರೆಯದನ್ನು ಸುಮ್ಮನೆ ಕೊಟ್ಟುಬಿಡುತ್ತಿದ್ದೆ. ಕಟ್ಟೆಯ ಮೇಲೆ ಕೂತು ಈ ಮೂರನ್ನೂ ಅವರ ಮುಂದೆ ಇಟ್ಟೆ.

"ಬ್ಯಾರೆ ಗಿಡ ಬ್ಯಾಡ್ರಿ" ಎಂದರು ತಕ್ಷಣ. ಕೊಂಬೆ ಬಗ್ಗಿಸಿ ಮೊಗ್ಗುಗಳನ್ನು ಒಂದೊಂದಾಗಿ ನೋಡಿದರು. "ನಿಮ್ಗ ಏನನಸ್ತೈತ್ರಿ?"

"ಕತ್ತರಿಸೂಣು ಅನಸ್ತೈತಿ" ಎಂದೆ. "ಬದುಕ್ತಾಳ ಅಂತ ಬರ್ದು ಕೊಡಾಕ ಆಗಂಗಿಲ್ಲ ದೊಡ್ಡವ್ವ. ಆದ್ರ ಹಿಂಗ ಬಿಟ್ರ ಉಳಿಯಂಗಿಲ್ಲ. ಅದು ಮಾತ್ರ ಖರೆ."

"ಹುಣ್ಣಿಮಿ ಮುಂದಿನ ವರ್ಷನೂ ಬರ್ತೈತಿ" ಎಂದು ಅವರು ಎದ್ದರು.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಯಜಮಾನರ ಲಗೇಜ್ ಆಟೋದಲ್ಲಿ ಸಾಮಾನು ಹೇರಿಕೊಂಡು ಬಂದೆವು. ಗುಡ್ಡದ ಕೆಮ್ಮಣ್ಣು, ಮರಳು, ಕಳಿತ ಸಗಣಿಗೊಬ್ಬರ, ಮತ್ತು ಹುಣಸೆಮರದ ಬುಡದಿಂದ ಬಾಚಿದ ಎಲೆಗೊಬ್ಬರ. ಹುಣಸೆ ಎಲೆ ಕೊಳೆತ ಮಣ್ಣು ಸ್ವಲ್ಪ ಹುಳಿ ಗುಣದ್ದು, ಎಕ್ಸೋರಾಕ್ಕೆ ನಾನು ಯಾವಾಗಲೂ ಅದನ್ನೇ ನಂಬುವುದು. ಸಿಸ್ಟರ್ ರಜೆ ಹಾಕಿದ್ದರು. ಹಿಂದಿನ ದಿನ ನಲ್ಲಿ ಬಂದಿತ್ತು, ಎರಡು ಡ್ರಮ್ ಹೊಳೆನೀರು ಹಿಡಿದಿಟ್ಟಿದ್ದರು.

ಕತ್ತರಿ ತೆಗೆದೆ. ಮೊದಲ ಕೊಂಬೆ ಹಿಡಿದವಳು, ಎಲ್ಲಿ ಹಾಕಲಿ ಎಂದು ನೋಡುವ ನೆಪದಲ್ಲಿ ಸುಮ್ಮನೆ ನಿಂತೆ. ವರ್ಷಕ್ಕೆ ಎಷ್ಟು ಗಿಡ ಸವರುತ್ತೇನೋ ಲೆಕ್ಕವಿಲ್ಲ, ಅವತ್ತು ಕೈ ಬರಲಿಲ್ಲ.

"ಇತ್ತಾಗ ಕೊಡ್ರಿ" ಎಂದು ದೊಡ್ಡವ್ವ ಕತ್ತರಿ ತೆಗೆದುಕೊಂಡರು. "ಈ ಕೆಲ್ಸ ನಂಗ ಬರ್ತೈತಿ."

ಬರುತ್ತಿತ್ತು. ಗಿಣ್ಣಿನ ಮೇಲೆ, ಓರೆಯಾಗಿ, ಒಂದೇ ಪೆಟ್ಟಿಗೆ. ಎಲ್ಲೂ ಸಿಪ್ಪೆ ಹರಿಯಲಿಲ್ಲ. ಕಡಿದ ಕೊಂಬೆಗಳನ್ನು ಮೊಗ್ಗಿನ ಸಮೇತ ಒಂದು ಕಡೆ ಒಟ್ಟುತ್ತಾ ಹೋದರು. ಸಿಸ್ಟರ್ ಒಂದು ಸಲ, "ಅವ್ವಾ, ಒಂದೆರಡು ಮೊಗ್ಗಿ ಇಟ್ಕೊಳ್ಳಬೇ" ಎಂದದ್ದಕ್ಕೆ, "ಕಣ್ಣು ಬಿಡದಿರೋ ಕೂಸು ಇಟ್ಟುಕೊಂಡು ಏನು ಮಾಡ್ತೀ, ಸರಿ ಅತ್ತಾಗ" ಎಂದು ಗದರಿದರು. ಮುಗಿಸಿ ಕತ್ತರಿಯನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು.

ಬುಡದ ಸುತ್ತ ಸಲಿಕೆಯಿಂದ ಬಿಡಿಸಿ, ಗೋಣಿಚೀಲ ಒಳಗೆ ತಳ್ಳಿ, ನಾಲ್ಕೂ ಜನ ಎತ್ತಿದೆವು. ಬೇರಿನ ಮುದ್ದೆ ಕಂಡು ಯಜಮಾನರು ಶಿಳ್ಳೆ ಹಾಕಿದರು. ಈ ಗಿಡದಂತೆ ಆಂಧ್ರದಿಂದ ಲಾರಿಯಲ್ಲಿ ಬರುವ ಗಿಡಗಳ ಬುಡದಲ್ಲಿ ಅಲ್ಲಿಯ ಜಿಗುಟು ಮಣ್ಣು ಇರುತ್ತದೆ. ನೆಡುವಾಗ ಅದನ್ನು ಒಡೆದದ್ದು ಸಾಲದೆ, ನಡುವಿನ ಭಾಗ ಗಟ್ಟಿ ಇಟ್ಟಿಗೆಯಾಗಿತ್ತು. ಉಪ್ಪೆಲ್ಲ ಅದರಲ್ಲೇ ಕೂತಿತ್ತು. ಅದನ್ನು ಬೋಗುಣಿಯ ನೀರಿನಲ್ಲಿ ನೆನೆಸಿ, ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಕರಗಿಸಬೇಕು. ಚಾಕು, ಕಡ್ಡಿ ಮುಟ್ಟಿಸಿದರೆ ಎಳೆ ಬೇರು ಹರಿಯುತ್ತವೆ. ದೊಡ್ಡವ್ವನೂ ನಾನೂ ಎದುರಾಬದುರಾ ಕೂತೆವು. ನೀರು ಮಣ್ಣುಬಣ್ಣಕ್ಕೆ ತಿರುಗಿದಾಗ ಸಿಸ್ಟರ್ ಬದಲಿಸುತ್ತಿದ್ದರು. ಕಪ್ಪಗೆ ಸತ್ತ ಬೇರುಗಳು ಕೈಯಲ್ಲೇ ಕಳಚಿ ಬಂದವು, ಅವೇ ಹೆಚ್ಚು. ಒಂದು ಕಡೆ ಮಾತ್ರ ನೂಲಿನಂಥ ಬೇರುಗಳ ತುದಿ ಬೆಳ್ಳಗಿತ್ತು.

"ಜೀವ ಐತಿ ತಂಗಿ" ಎಂದರು ದೊಡ್ಡವ್ವ.

ಅಲ್ಲಿಯವರೆಗೆ ಅಮ್ಮಾರ ಎನ್ನುತ್ತಿದ್ದವರು. ಅವರಿಗೆ ಅದು ಗೊತ್ತಾದಂತೆ ಕಾಣಲಿಲ್ಲ. ನಾನೂ ಗೊತ್ತಾದವಳಂತೆ ತೋರಿಸಿಕೊಳ್ಳಲಿಲ್ಲ, ಆದರೆ ಒಳಗೊಳಗೆ ಬಹಳ ಸಂತೋಷವಾಯಿತು.

ಕಟ್ಟೆಯ ಹಳೆಯ ಮಣ್ಣನ್ನೆಲ್ಲ ತೋಡಿ ತೆಗೆದು, ಅಡಿಗೆ ಜಲ್ಲಿ ಹಾಸಿ, ಹೊಸ ಮಿಶ್ರಣವನ್ನು ಸ್ವಲ್ಪ ದಿಬ್ಬವಾಗಿ ಏರಿಸಿ ಗಿಡ ಕೂರಿಸಿದೆವು. ಮೇಲೆ ನಾಲ್ಕು ಕೋಲು ನೆಟ್ಟು ದೊಡ್ಡವ್ವನ ಹಳೆಯ ಸೀರೆ ಕಟ್ಟಿ ನೆರಳು ಮಾಡಿದೆವು. ಬುಡಕ್ಕೆ ಹೊಳೆನೀರು ಮಾತ್ರ, ಬಿಂದಿಗೆಗೆ ಒಂದು ಹೋಳು ನಿಂಬೆಹಣ್ಣು ಹಿಂಡಿ. ದಿನಕ್ಕೆ ಒಂದೇ ಸಲ, ಅದೂ ಮಣ್ಣಿಗೆ ಬೆರಳು ಹಾಕಿ ನೋಡಿ. ಗೊಬ್ಬರ ಇಲ್ಲ, ಅನ್ನಭೇದಿ ಇಲ್ಲ, ಏನೂ ಇಲ್ಲ. ಕಾಯಿಲೆ ಬಿದ್ದ ಗಿಡಕ್ಕೆ ತಿನ್ನಿಸುವ ಚಪಲ ಎಲ್ಲರಿಗೂ ಇರುತ್ತದೆ, ಅದನ್ನು ತಡೆಯುವುದೇ ಕಷ್ಟ.

ಫಿಲ್ಟರಿನ ಬಕೆಟ್ಟಿನ ಪ್ರಶ್ನೆ ಹಾಗೇ ಉಳಿದಿತ್ತು. ಅದನ್ನು ಮೋರಿಗೆ ಬಿಡಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಅಂಗಳ ತೊಳೆಯಿರಿ, ಪಾಯಖಾನೆಗೆ ಹಾಕಿ ಎಂದೆ. ಅಷ್ಟಕ್ಕೆ ಮುಗಿಯದ ನೀರಿಗೆ ದೊಡ್ಡವ್ವ ತಾವೇ ದಾರಿ ಹುಡುಕಿದರು. ಮಗಳ ಸ್ಕೂಟರ್ ತೊಳೆದರು, ಆಮೇಲೆ ಎದುರುಮನೆಯವರದ್ದು, ಆಮೇಲೆ ಓಣಿಯವರದ್ದೆಲ್ಲ. ಮುಂದಿನ ಸಲ ನಾನು ಹೋದಾಗ ನನ್ನ ಸ್ಕೂಟಿಯನ್ನೂ ಬಿಡಲಿಲ್ಲ. ಕೊಟ್ಟೂರಿಗೆ ವಾಪಸ್ ಬಂದಾಗ ಯಜಮಾನರು ಹೊಸ ಗಾಡಿ ಯಾವಾಗ ತಗೊಂಡಿ ಎಂದು ಕೇಳಿದರು.

ಗಿಡ ಮಾತ್ರ ಸುಮ್ಮನಿತ್ತು. ಉಳಿಸಿದ್ದ ಎಲೆಗಳೂ ಒಂದೊಂದಾಗಿ ಉದುರಿದವು. ಒಂದು ದೊಡ್ಡ ಕೊಂಬೆ ಮೇಲಿನಿಂದ ಒಣಗುತ್ತಾ ಬಂತು, ಅದನ್ನು ಬುಡಕ್ಕೇ ತೆಗೆದೆವು. ಉಗುರಿನಿಂದ ತೊಗಟೆ ಗೀರಿ ನೋಡಿದರೆ ಕೆಳಗೆ ಹಸಿರು ಇದೆಯೋ ಇಲ್ಲವೋ ಎನ್ನುವಷ್ಟು ಇತ್ತು. ನಾನು ಗೀರಿದ ಜಾಗಗಳ ಮೇಲೆಲ್ಲ ದೊಡ್ಡವ್ವ ಅರಿಸಿನ ಹಚ್ಚಿದ್ದರು. ಬೈದೆನೇ? ಇಲ್ಲ. ಅರಿಸಿನದಿಂದ ಕೆಡುಕೇನಿಲ್ಲ.

ಹುಣ್ಣಿಮೆಯ ದಿನ ಕರೆ ಇತ್ತು, ಹೋದೆ. ಮನೆ ತುಂಬ ಜನ, ಬಿಳಿ ಸೀರೆ, ಪಾಯಸದ ವಾಸನೆ. ಅಂಗಳದ ನಡುವೆ ಸೀರೆಯ ನೆರಳಿನಲ್ಲಿ ಬೋಳು ಕಡ್ಡಿಗಳು. ಇದೇನಾ ಆ ಹೂವಿನ ಗಿಡ ಎಂದು ಬಳಗದವಳೊಬ್ಬಳು ಕೇಳಿದ್ದು ನನ್ನ ಕಿವಿಗೆ ಬಿತ್ತು. "ಇದೇ. ಜಡ್ಡಿನಿಂದ ಎದ್ದಾಳ, ಗದ್ಲ ಮಾಡಬ್ಯಾಡ್ರಿ" ಎಂದು ದೊಡ್ಡವ್ವ ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾನು ನರ್ಸರಿಯ ತಾಯಿಗಿಡದಿಂದ ಕೆಂಪು ಗೊಂಚಲುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಕೊಡಲೋ ಬೇಡವೋ ಎಂದು ಹಿಂಜರಿಯುತ್ತಿದ್ದರೆ ಅವರೇ ಕೈಯಿಂದ ತೆಗೆದುಕೊಂಡು ಮೂರ್ತಿಯ ಮುಂದೆ ಇಟ್ಟರು.

"ಇವು ನಿನ್ ಹೆಸರಿಲೆ ಇಟ್ಟೀನಿ ತಂಗಿ. ನಂದು ಬಾಕಿ ಐತಿ."

ಮುಂಗಾರು ಆ ವರ್ಷ ತಡವರಿಸಿಕೊಂಡು ಬಂತು. ಮೊದಲ ಮಳೆಗೆ ಸೀರೆ ಬಿಚ್ಚಲು ಹೇಳಿದ್ದೆ, ಗಿಡ ತೊಯ್ಯಲಿ ಎಂದು. ದೊಡ್ಡವ್ವನೂ ಜೊತೆಗೆ ತೊಯ್ದು ನೆಗಡಿ ತಂದುಕೊಂಡರಂತೆ. ಅದಾಗಿ ಕೆಲವು ದಿನಕ್ಕೆ ಕಡ್ಡಿಯ ಗಿಣ್ಣುಗಳಲ್ಲಿ ತಾಮ್ರದ ಬಣ್ಣದ ಚಿಗುರು ಕಾಣಿಸಿತು. ಎಕ್ಸೋರಾದ ಎಳೆ ಎಲೆ ಮೊದಲು ಹಾಗೇ ಕೆಂಪಗಿದ್ದು ಆಮೇಲೆ ಹಸಿರಿಗೆ ತಿರುಗುತ್ತದೆ. ಈ ಸಲ ಪೂರ್ತಿ ಹಸಿರಿಗೆ ತಿರುಗಿತು, ನರಕ್ಕೂ ಎಲೆಗೂ ಬಣ್ಣದಲ್ಲಿ ಭೇದವಿಲ್ಲ. ಆ ಫೋಟೋವನ್ನು ನಾನು ನಮ್ಮ ನರ್ಸರಿಯ ಸ್ಟೇಟಸ್ಸಿಗೆ ಹಾಕಿದೆ, ಊರಿಗೆಲ್ಲ ತೋರಿಸಿದೆ, ಒಬ್ಬಳೇ ಕೂತು ಇನ್ನೊಮ್ಮೆ ನೋಡಿದೆ.

ಶ್ರಾವಣ ಕಳೆದ ಮೇಲೆ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಬರೀ ಒಂದು ಮಂಗಳವಾರ ದೊಡ್ಡವ್ವನ ಫೋನ್ ಬಂತು. ಫೋನ್ ಮಾಡುವುದನ್ನು ಅವರು ಅಷ್ಟರಲ್ಲಿ ತಾವೇ ಕಲಿತಿದ್ದರು.

"ಅರಳ್ಯಾಳ. ಬಾ."

ಇಷ್ಟೇ ಹೇಳಿ ಇಟ್ಟರು. ಗಿರಾಕಿಗಳನ್ನು ಯಜಮಾನರಿಗೆ ಒಪ್ಪಿಸಿ ಹೊರಟೆ.

ಎರಡು ಗೊಂಚಲು ಅರಳಿದ್ದವು, ಅಕ್ಕಪಕ್ಕದಲ್ಲೇ. ಮುಷ್ಟಿಗಾತ್ರ, ಕಡುಗೆಂಪು. ದೊಡ್ಡವ್ವ ತಲೆಗೆ ಎರೆದುಕೊಂಡು, ಬಿಳಿ ಸೀರೆ ಉಟ್ಟು, ತಟ್ಟೆ ಹಿಡಿದುಕೊಂಡು ಕಟ್ಟೆಯ ಮುಂದೆ ನಿಂತಿದ್ದರು. ಮುಂಜಾನೆಯಿಂದ ಹಾಗೇ ನಿಂತಿದ್ದಾಳೆ ಎಂದು ಸಿಸ್ಟರ್ ಬಾಗಿಲಿನಿಂದಲೇ ಕಣ್ಣುಸನ್ನೆ ಮಾಡಿದರು.

"ಕೀಳ್ರಿ ದೊಡ್ಡವ್ವ, ಯಾಕ ನಿಂತೀರಿ? ನಾ ಬರೂತನ ಕಾಯಬೇಕೇನು?"

ಅವರು ಕೈ ಮುಂದೆ ಚಾಚಿದರು, ಹೂವಿನ ಹತ್ತಿರ ಒಯ್ದು ಹಿಂದಕ್ಕೆ ತೆಗೆದರು. ಮತ್ತೆ ಚಾಚಿದರು. ಆಮೇಲೆ ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಕೇಳಿದರು:

"ಹೆಂಗ ಕೀಳಬೇಕು ತಂಗಿ ಇದನ್ನ?"

ನನ್ನನ್ನು ಆಡಿಸುತ್ತಿದ್ದಾರೆ ಎಂದು ನಗಲು ಹೋದೆ. ಅವರ ಮುಖ ನೋಡಿದಾಗ ಬಂಗಲೆಯ ಬೇಲಿಯ ಮಾತು ನೆನಪಾಯಿತು.

ಪಕ್ಕಕ್ಕೆ ಹೋಗಿ ನಿಂತು ತೋರಿಸಿಕೊಟ್ಟೆ. ಬಿಡಿ ಹೂವನ್ನು ಎಳೆಯಬಾರದು, ಗೊಂಚಲಿನ ಕೆಳಗೆ ತೊಟ್ಟು ಇರುತ್ತದೆ, ಅದನ್ನು ಹೆಬ್ಬೆರಳಿನಿಂದ ಒತ್ತಿ ಸ್ವಲ್ಪ ಬಗ್ಗಿಸಬೇಕು, ತಾನೇ ಮುರಿಯುತ್ತದೆ. ಕೊಂಬೆ ಅಲುಗದಂತೆ ನಾನು ಹಿಡಿದುಕೊಂಡೆ. ದೊಡ್ಡವ್ವ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಎರಡೂ ಕೈಯಿಂದ ತೊಟ್ಟು ಹಿಡಿದರು. ಹಿಡಿದವರು ತಲೆಯೆತ್ತಿ ಒಮ್ಮೆ ಗೇಟಿನ ಕಡೆ ನೋಡಿದರು.

ಅಲ್ಲಿ ಯಾರೂ ಇರಲಿಲ್ಲ. ಕಿತ್ತರು.